ಬಿಸಿಲಿಗೆ ತಲೆಯೊಡ್ಡುವ ಮೊದಲು ಏಪ್ರಿಲ್ ತಿಂಗಳನ್ನು ನೆನಪಿಸಿಕೊಳ್ಳಿ

ಪ್ರಶ್ನೆ: ನನಗೆ 34 ವರ್ಷ. ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ಜುಲೈ ಶುರುವಾದಾಗಿನಿಂದ ತಲೆಕೂದಲು ವಿಪರೀತ ಉದುರುತ್ತಿದೆ. ಬಾಚಿದರೆ ಬಾಚಣಿಗೆ ತುಂಬ, ಮಿಂದರೆ ಬಚ್ಚಲ ಜಾಲರಿ ಕಟ್ಟುವಷ್ಟು. ಮಳೆಗಾಲದಲ್ಲಿ ಬಿಸಿಲು ಬೀಳದೆ ಹೀಗಾಗಿದೆ, ಹೊಳವಾದ ದಿನ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಅಂಗಳದಲ್ಲಿ ಎಳೆಬಿಸಿಲಿಗೆ ಕೂತರೆ ನಿಲ್ಲುತ್ತದೆ ಎಂದು ಅತ್ತೆ ಹೇಳುತ್ತಾರೆ. ಕಾರವಾರದಲ್ಲಿ ಕೆಲಸದಲ್ಲಿರುವ ತಮ್ಮ, 'ವಿಟಮಿನ್ ಡಿ ಕಮ್ಮಿ ಇರಬೇಕು, ಗುಳಿಗೆ ನುಂಗು' ಎನ್ನುತ್ತಾನೆ. ಅವನಿಗೆ 29ಕ್ಕೇ ನೆತ್ತಿ ಕಾಣಲು ಶುರುವಾಗಿದೆ. ಬಿಸಿಲು ಬಿದ್ದರೆ ಕೂದಲು ಬರುತ್ತದೆಂದು ರಜೆಯ ದಿನ ಟೋಪಿ ಇಲ್ಲದೆ ಮಧ್ಯಾಹ್ನದವರೆಗೂ ಬೀಚಿನಲ್ಲಿರುತ್ತಾನೆ. ಜಾತ್ರೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಟೈಫಾಯಿಡ್ ಬಂದು ಹನ್ನೆರಡು ದಿನ ಮಲಗಿದ್ದು ಬಿಟ್ಟರೆ ನನಗೆ ಬೇರೆ ಕಾಯಿಲೆ ಏನೂ ಇಲ್ಲ. ಬಿಸಿಲಿನಿಂದ ಕೂದಲು ಉದುರುವುದು ನಿಲ್ಲುತ್ತದೆಯೇ?

ಉತ್ತರ: ನೆತ್ತಿಗೆ ಬಿಸಿಲು ಬಿದ್ದರೆ ಉದುರುವ ಕೂದಲು ನಿಲ್ಲುವುದಿಲ್ಲ, ಹೋದ ಕೂದಲು ಬರುವುದೂ ಇಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೂದಲು ಮಾತ್ರ ಬಹುಮಟ್ಟಿಗೆ ತಾನಾಗಿಯೇ ವಾಪಸು ಬರುತ್ತದೆ. ಇದನ್ನೂ ಈಗಲೇ ಹೇಳುತ್ತೇನೆ, ಯಾಕೆಂದರೆ ಬಚ್ಚಲ ಜಾಲರಿಯಿಂದ ಕೂದಲು ತೆಗೆಯುವಾಗ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತು. ದಿನವೂ ಯಾರಾದರೊಬ್ಬರು ನನ್ನೆದುರು ಕೂತು ಅದನ್ನು ಹೇಳುತ್ತಾ ಕಣ್ಣು ಒರೆಸಿಕೊಳ್ಳುತ್ತಾರೆ. ನೀವು ಪತ್ರದ ಕೊನೆಯಲ್ಲಿ 'ಬಿಟ್ಟರೆ' ಎಂದು ದಾಟಿಸಿಬಿಟ್ಟ ಟೈಫಾಯಿಡ್ ಇದೆಯಲ್ಲ, ಕಾರಣ ಅಲ್ಲಿದೆ.

ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ಪ್ರತಿ ಕೂದಲೂ ಎರಡರಿಂದ ಆರು ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ. ಆಮೇಲೆ ಎರಡು ಮೂರು ವಾರ ತನ್ನ ಕೆಲಸ ಮುಗಿಸಿಕೊಂಡು, ಸುಮಾರು ಮೂರು ತಿಂಗಳು ಬೆಳೆಯದೆ ಸುಮ್ಮನೆ ನಿಂತು, ಉದುರುತ್ತದೆ. ಆರೋಗ್ಯವಂತರ ತಲೆಯಲ್ಲಿ ನೂರಕ್ಕೆ 85ರಿಂದ 90 ಕೂದಲು ಬೆಳೆಯುತ್ತಲೇ ಇರುತ್ತವೆ, ಉಳಿದವು ಸರದಿಯಲ್ಲಿ ನಿಂತಿರುತ್ತವೆ. ಹಾಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಲೆಕ್ಕದಲ್ಲೇ ಇರುವ ಮಾತು.

ಈಗ ನಿಮ್ಮ ಏಪ್ರಿಲ್‌ಗೆ ಬನ್ನಿ. ಹನ್ನೆರಡು ದಿನ ಸುಡುವ ಜ್ವರ, ಹೊಟ್ಟೆಗೆ ಗಂಜಿ ಬಿಟ್ಟರೆ ಬೇರೇನಿಲ್ಲ. ಆಗ ದೇಹ ಮೊದಲು ಜೀವ ಉಳಿಸುವ ಅಂಗಗಳನ್ನು ನೋಡಿಕೊಳ್ಳುತ್ತದೆ. ಕೂದಲು ಬೆಳೆಸುವುದಕ್ಕೆ ಬಹಳ ಶಕ್ತಿ ಬೇಕು, ಅದನ್ನು ಮುಂದಕ್ಕೆ ಹಾಕುತ್ತದೆ. ಬೆಳೆಯುತ್ತಿದ್ದ ಸಾವಿರಾರು ಕೂದಲು ಒಂದೇ ವಾರದಲ್ಲಿ ಕೆಲಸ ನಿಲ್ಲಿಸುತ್ತವೆ. ಆದರೆ ಅವು ಆ ದಿನ ಉದುರುವುದಿಲ್ಲ, ತಮ್ಮ ಮೂರು ತಿಂಗಳ ಸರದಿ ಮುಗಿಸಿಯೇ ಬೀಳುತ್ತವೆ. ಏಪ್ರಿಲ್‌ಗೆ ಮೂರು ತಿಂಗಳು ಕೂಡಿಸಿ ನೋಡಿ, ಜುಲೈ ಬರುತ್ತದೆ. ಇದಕ್ಕೆ ವೈದ್ಯರು ಟೆಲೊಜನ್ ಎಫ್ಲುವಿಯಂ ಎನ್ನುತ್ತಾರೆ. ಟೈಫಾಯಿಡ್, ಡೆಂಗಿ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ, ಹಟ ಹಿಡಿದು ಊಟ ಬಿಟ್ಟು ತೂಕ ಇಳಿಸುವುದು, ಎಲ್ಲದರ ನಂತರವೂ ಹೀಗೇ ಆಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಮಳೆಗಾಲಕ್ಕೂ ಕೂದಲಿಗೂ ಗಂಟು ಬಿದ್ದಿರುವುದು ಹೀಗೇ ಇರಬೇಕು ಎಂದು ನನ್ನ ಅನಿಸಿಕೆ. ಸಿದ್ದಾಪುರದ ಕಡೆ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಜನವರಿಯಿಂದ ಮೇ ಒಳಗೆ. ಬಾವಿ ತಳ ಕಂಡು ನೀರು ಕೆಡುವುದೂ ಬೇಸಿಗೆಯಲ್ಲೇ, ಟೈಫಾಯಿಡ್ ಕಾಮಾಲೆಗಳೂ ಆಗಲೇ. ಮಾರ್ಚ್ ಏಪ್ರಿಲ್‌ನಲ್ಲಿ ಜ್ವರ ಬಂದವರಿಗೆ ಜೂನ್ ಜುಲೈಯಲ್ಲಿ ಕೂದಲು ಉದುರುತ್ತದೆ. ಅಷ್ಟರಲ್ಲಿ ಜ್ವರ ಮರೆತುಹೋಗಿರುತ್ತದೆ, ಹೊರಗೆ ಕಪ್ಪು ಮೋಡ ಕವಿದಿರುತ್ತದೆ, ಬಿಸಿಲು ಕಾಣದೆ ಎಂಟು ದಿನ ಆಗಿರುತ್ತದೆ. ಅಪರಾಧ ಬಿಸಿಲಿಲ್ಲದ್ದರ ತಲೆಗೆ ಬೀಳುತ್ತದೆ. ಇನ್ನೊಂದು ಸಂಗತಿಯೂ ಇದೆ. ಕೂದಲು ಒಣಗುವುದಿಲ್ಲ ಎಂದು ಮಳೆಗಾಲದಲ್ಲಿ ವಾರಕ್ಕೊಮ್ಮೆ ಮೀಯುವವರೇ ಹೆಚ್ಚು. ಏಳು ದಿನದ್ದು ಒಂದೇ ದಿನ ಕೈಗೆ ಬಂದಾಗ, ಅದೂ ಉದ್ದ ಕೂದಲಾದರೆ, ಮುಷ್ಟಿ ತುಂಬಿ ಎದೆ ಝಲ್ಲೆನ್ನುತ್ತದೆ.

ನಿಮ್ಮ ಕೂದಲನ್ನು ನಾನು ನೋಡಿಲ್ಲ, ಆದ್ದರಿಂದ ಒಂದು ಕೆಲಸ ನೀವೇ ಮಾಡಿ. ಉದುರಿದ ಐದಾರು ಕೂದಲನ್ನು ಕಪ್ಪು ಬಟ್ಟೆಯ ಮೇಲೆ ಹಾಸಿ, ಕಿಟಕಿ ಬೆಳಕಿನಲ್ಲಿ ಬುಡದ ತುದಿ ನೋಡಿ. ಗಸಗಸೆಗಿಂತ ಸಣ್ಣದಾದ ಬಿಳಿ ಗುಂಡು ಕಾಣುತ್ತದೆ. ಇದನ್ನು ಕಾಗದದಲ್ಲಿ ಮಡಚಿ ತಂದು, 'ಬೇರೇ ಕಿತ್ತು ಬಂದಿದೆ ಡಾಕ್ಟ್ರೇ' ಎಂದು ಮೇಜಿನ ಮೇಲೆ ಬಿಡಿಸುವವರು ವಾರಕ್ಕೆ ಮೂರು ಜನ. ಅದು ಬೇರಲ್ಲ. ಬೇರು ಚರ್ಮದ ಒಳಗೆ, ಮೂರು ನಾಲ್ಕು ಮಿಲಿಮೀಟರ್ ಕೆಳಗೆ ಕ್ಷೇಮವಾಗಿದೆ. ಸರದಿ ಮುಗಿಸಿದ ಕೂದಲಿನ ಗುರುತೇ ಆ ಬಿಳಿ ಗುಂಡು. ನೀವು ತೋಟದವರು, ಬೇಗ ಅರ್ಥವಾಗುತ್ತದೆ: ಅಡಿಕೆ ಮರದಲ್ಲಿ ಹಾಳೆ ಕಳಚಿ ಬಿತ್ತೆಂದು ಯಾರೂ ಅಳುವುದಿಲ್ಲ, ಬಿದ್ದ ಜಾಗದಲ್ಲೇ ಸಿಂಗಾರ ಒಡೆಯುತ್ತದೆ ಎಂದು ಗೊತ್ತು. ಸರದಿ ಮುಗಿಸಿದ ಕೂದಲು ಬೀಳುವಾಗ ಅದೇ ಗುಂಡಿಯಿಂದ ಹೊಸದು ಆಗಲೇ ಹೊರಟಿರುತ್ತದೆ.

ಇನ್ನು ತಮ್ಮ ಹೇಳಿದ ವಿಟಮಿನ್ ಡಿ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಬಿಸಿಲಿಗೂ ಕೂದಲಿಗೂ ಜನ ಹಾಕುವ ಸೇತುವೆ ಇದೇ.

ಬಿಸಿಲಿನಲ್ಲಿರುವ ಅಲ್ಟ್ರಾವಯಲೆಟ್ ಬಿ ಕಿರಣ ಚರ್ಮದಲ್ಲಿರುವ ಒಂದು ಕೊಬ್ಬಿನಂಶಕ್ಕೆ ತಾಗಿದಾಗ ವಿಟಮಿನ್ ಡಿ ತಯಾರಾಗುತ್ತದೆ. ಅದು ಯಕೃತ್ತಿಗೆ ಹೋಗಿ, ಆಮೇಲೆ ಮೂತ್ರಪಿಂಡಕ್ಕೆ ಹೋಗಿ, ಕೆಲಸಕ್ಕೆ ಬರುವ ರೂಪ ಪಡೆಯುತ್ತದೆ. ಕೂದಲಿನ ಬುಡದ ಜೀವಕೋಶಗಳಲ್ಲಿ ಈ ವಿಟಮಿನ್ನನ್ನು ಹಿಡಿಯುವ ಗ್ರಾಹಕಗಳಿವೆ. ಇಲ್ಲಿಯವರೆಗೆ ತಮ್ಮನ ಮಾತು ಸರಿ. ಮುಂದಿನದು ನನಗೆ ಓದುವ ದಿನಗಳಿಂದಲೂ ಬೆರಗು ಹುಟ್ಟಿಸಿದ ಸಂಗತಿ. ಕೆಲವೇ ಕೆಲವು ಮಕ್ಕಳು ಈ ಗ್ರಾಹಕವೇ ಕೆಟ್ಟು ಹುಟ್ಟುತ್ತಾರೆ. ಅವರಿಗೆ ಮೂಳೆ ಬಾಗುವ ರಿಕೆಟ್ಸ್ ಜೊತೆಗೆ ತಲೆಕೂದಲೆಲ್ಲ ಉದುರಿ ಹೋಗಬಹುದು. ಆದರೆ ಬಿಸಿಲು, ಆಹಾರ ಎರಡೂ ಸಾಲದೆ ವಿಟಮಿನ್ ಡಿ ತಳ ಕಂಡು, ಕಾಲು ಬಿಲ್ಲಿನಂತಾದ ಸಾಮಾನ್ಯ ರಿಕೆಟ್ಸ್ ಮಕ್ಕಳ ತಲೆಯ ಮೇಲೆ ಕೂದಲು ಹಾಗೇ ಇರುತ್ತದೆ. ಅಂದರೆ ಕೂದಲಿನ ಚಕ್ರ ತಿರುಗಲು ಗ್ರಾಹಕ ಬೇಕೇ ಬೇಕು, ವಿಟಮಿನ್ ಇಲ್ಲದೆಯೂ ಆ ಗ್ರಾಹಕ ಕೂದಲಿನಲ್ಲಿ ತನ್ನ ಕೆಲಸ ನಡೆಸುತ್ತದೆ. ಕೂದಲು ಉದುರುವ ಎಷ್ಟೋ ಜನರ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಸಿಗುವುದು ನಿಜ. ನಮ್ಮ ದೇಶದಲ್ಲಿ ಕೂದಲು ಗಟ್ಟಿಯಿರುವ ಎಷ್ಟೋ ಜನರ ರಕ್ತದಲ್ಲೂ ಅದು ಕಡಿಮೆಯೇ.

ಆದ್ದರಿಂದ ವಿಟಮಿನ್ ಡಿ ಕಡಿಮೆಯಿದ್ದರೆ ಸರಿಪಡಿಸಿಕೊಳ್ಳಿ, ಮೂಳೆಗೆ ಮತ್ತು ಸ್ನಾಯುಗಳಿಗೆ ಬೇಕು. ಕೂದಲಿಗೋಸ್ಕರ ಎಂದು ಕುರುಡಾಗಿ ನುಂಗಬೇಡಿ. ದಿನಕ್ಕೆ ಬೇಕಾದದ್ದು 600 ಯೂನಿಟ್ ಎಂದು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಅಂಗಡಿಯಲ್ಲಿ ಸಿಗುವ ಗುಳಿಗೆ 60,000 ಯೂನಿಟ್‌ನದು. ವಾರಕ್ಕೊಂದರಂತೆ ಎಂಟು ವಾರ ಎಂದು ಬರೆದುಕೊಟ್ಟದ್ದನ್ನು ದಿನಕ್ಕೊಂದರಂತೆ ನುಂಗಿ, ವಾಂತಿ, ಮಲಬದ್ಧತೆ, ತಡೆಯದ ದಾಹ ಎಂದು ಬಂದವರನ್ನು ನೋಡಿದ್ದೇನೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಕೂದಲು ಉಳಿಸಿಕೊಳ್ಳಲು ಹೋಗಿ ಹೀಗಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಅತ್ತೆಯವರ ಎಳೆಬಿಸಿಲಿನ ವಿಷಯ. ಬೆಳಗಿನ ಏಳು ಗಂಟೆಯ ಬಿಸಿಲು ಮೈಗೆ ಹಿತ, ಮನಸ್ಸಿಗೂ ಒಳ್ಳೆಯದು. ಅದರಲ್ಲಿ ವಿಟಮಿನ್ ಡಿ ಮಾಡುವ ಕಿರಣ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಸೂರ್ಯ ಕೆಳಗಿರುವಾಗ ಕಿರಣ ಓರೆಯಾಗಿ ಬಂದು ದಪ್ಪ ಗಾಳಿಯ ಪದರ ದಾಟಬೇಕು, ದಾರಿಯಲ್ಲೇ ಸೋಸಿಹೋಗುತ್ತದೆ. ಅಂಗಳದಲ್ಲಿ ನಿಂತು ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡವಿದ್ದರೆ ಕೆಲಸಕ್ಕೆ ಬರುವ ಬಿಸಿಲು, ಉದ್ದವಿದ್ದರೆ ಬರೀ ಬೆಚ್ಚಗಿನ ಬಿಸಿಲು. ನಮ್ಮ ಊರುಗಳಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಆ ಹೊತ್ತಿಗೆ ಡಿಸೆಂಬರಿನಲ್ಲೂ ಶಿರಸಿಯಲ್ಲಿ ನಿಮ್ಮ ನೆರಳು ನಿಮಗಿಂತ ಗಿಡ್ಡವೇ. ಹೊಳವಾದ ದಿನ ಹನ್ನೊಂದರಿಂದ ಎರಡರ ಒಳಗೆ ಕೈ, ತೋಳು, ಬೆನ್ನಿನ ಮೇಲ್ಭಾಗಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬಿಸಿಲು ಬೀಳಲಿ, ವಾರಕ್ಕೆ ಮೂರು ನಾಲ್ಕು ಸಲ ಸಾಕು. ಅಡಿಕೆ ತೋಟದಲ್ಲಿ ದಿನವಿಡೀ ಕೆಲಸ ಮಾಡಿದರೂ ಲೆಕ್ಕಕ್ಕಿಲ್ಲ, ಅಲ್ಲಿರುವುದು ನೆರಳು. ಕಿಟಕಿ ಗಾಜಿನ ಹಿಂದೆ ಕೂತರೂ ಇಲ್ಲ, ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ತಲೆಗೆ ಬಿಸಿಲು ಹಿಡಿಯುವ ಅಗತ್ಯವೇ ಇಲ್ಲ. ಕೂದಲಿರುವ ನೆತ್ತಿಗೆ ಕಿರಣ ಇಳಿಯುವುದೇ ಅಪರೂಪ. ತೋಳಿನಲ್ಲಿ ತಯಾರಾದ ವಿಟಮಿನ್ ರಕ್ತದಲ್ಲಿ ಹೋಗಿ ತಲೆಯನ್ನೂ ಮುಟ್ಟುತ್ತದೆ.

ಕೊಬ್ಬರಿ ಎಣ್ಣೆಯ ಬಗ್ಗೆ ಅತ್ತೆಯವರು ಅರ್ಧ ಸರಿ. ಅದು ಕೂದಲಿನ ಎಳೆಯೊಳಗೆ ಇಳಿದು, ತೊಳೆಯುವಾಗ ಪ್ರೊಟೀನ್ ಸೋರಿಹೋಗುವುದನ್ನು ಕಡಿಮೆ ಮಾಡುತ್ತದೆ. ಎಳೆ ಮುರಿಯುವುದು ಇದರಿಂದ ತಗ್ಗುತ್ತದೆ, ಬುಡದಿಂದ ಉದುರುವುದು ತಗ್ಗುವುದಿಲ್ಲ. ಹೊಟ್ಟು ಇದ್ದರೆ ನೆತ್ತಿಗೆ ಎಣ್ಣೆ ಹಚ್ಚಿ ಇಡೀ ದಿನ ಬಿಡಬೇಡಿ, ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಶಿಲೀಂಧ್ರ ಕೊಬ್ಬು ತಿಂದೇ ಬದುಕುವುದು. ಒದ್ದೆ ತಲೆಯನ್ನು ಹಾಗೇ ತುರುಬು ಕಟ್ಟುವ ಮಳೆಗಾಲದ ರೂಢಿಯನ್ನೂ ಬಿಡಿ.

ಬಿಸಿಲಿಗೂ ಕೂದಲಿಗೂ ನಿಜವಾದ ಸಂಬಂಧವಿರುವ ಒಂದು ಕಾಯಿಲೆ ಇದೆ, ಅದು ನಿಮ್ಮದಲ್ಲ. ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲು ಪೂರ್ತಿ ಹೋಗಿ ಚರ್ಮ ನುಣ್ಣಗೆ ಹೊಳೆಯುತ್ತದೆ. ಜನ 'ಹುಳ ತಿಂದಿದೆ' ಎನ್ನುತ್ತಾರೆ. ಹುಳ ಯಾವುದೂ ಇಲ್ಲ. ದೇಹದ ರಕ್ಷಣಾ ಕಣಗಳೇ ದಾರಿತಪ್ಪಿ ಕೂದಲಿನ ಬುಡವನ್ನು ಮುತ್ತುತ್ತವೆ, ಅಲೊಪೀಶಿಯಾ ಏರಿಯಾಟಾ ಎಂದು ಹೆಸರು. ಅಲ್ಟ್ರಾವಯಲೆಟ್ ಕಿರಣ ಆ ಕಣಗಳನ್ನು ತಣಿಸುತ್ತದೆ, ಹಾಗಾಗಿ ಕೆಲವರಿಗೆ ಅಳತೆ ಮಾಡಿದ ಬೆಳಕಿನ ಚಿಕಿತ್ಸೆ ಕೊಡುವುದುಂಟು. ಅಳತೆ ಎಂಬುದೇ ಇಲ್ಲಿ ಮುಖ್ಯ. ಅಂಕೋಲಾ ಕಡೆಯ ಒಬ್ಬ ಹುಡುಗನಿಗೆ ಮನೆಯವರು ಬಾವಂಚಿ ಬೀಜದ ಎಣ್ಣೆ ಹಚ್ಚಿ ಮಧ್ಯಾಹ್ನದ ಬಿಸಿಲಿಗೆ ಕೂರಿಸಿದ್ದರು. ಬಾವಂಚಿಯಲ್ಲಿರುವ ಸೊರಾಲೆನ್ ಚರ್ಮವನ್ನು ಬಿಸಿಲಿಗೆ ಹತ್ತು ಪಟ್ಟು ಎಂಬಂತೆ ತೆರೆದಿಡುತ್ತದೆ. ಎರಡನೇ ದಿನ ಅವನು ಬಂದಾಗ ನೆತ್ತಿಯ ಮೇಲೆ ನೀರು ತುಂಬಿದ ಬೊಬ್ಬೆ, ಕಿವಿಯ ಹಿಂದಿನವರೆಗೂ ಕೆಂಪು. ಅದೇ ಮದ್ದನ್ನು ನಾವೂ ಬಳಸುತ್ತೇವೆ, ನಿಮಿಷ ಎಣಿಸಿ.

ಬಿಸಿಲೇ ಶತ್ರುವಾಗುವ ಕಾಯಿಲೆಯೂ ಇದೆ. ಲೂಪಸ್ ಎಂಬುದರಲ್ಲಿ ನೆತ್ತಿಯ ಮೇಲೆ ಕೆಂಪಗಿನ, ಸಿಪ್ಪೆ ಏಳುವ ಮಚ್ಚೆಗಳಾಗಿ, ಗಾಯದ ಕಲೆ ಉಳಿದು, ಆ ಜಾಗದಲ್ಲಿ ಕೂದಲು ಮತ್ತೆ ಬರುವುದೇ ಇಲ್ಲ. ಬಿಸಿಲಿಗೆ ಅದು ಉಲ್ಬಣಿಸುತ್ತದೆ. ಕೂದಲು ಹೋದ ಜಾಗ ಉರಿಯುತ್ತಿದ್ದರೆ, ಬಣ್ಣ ಬದಲಾಗಿದ್ದರೆ, ಗಟ್ಟಿಯಾಗಿದ್ದರೆ ಬಿಸಿಲಿಗೆ ಒಡ್ಡುವ ಪ್ರಯೋಗ ಒಂದು ದಿನವೂ ಬೇಡ.

ತಮ್ಮನಿಗೆ ಈ ಮಾತು ಓದಿ ಹೇಳಿ. 29ಕ್ಕೆ ನೆತ್ತಿ ಕಾಣುವುದು ಬಹುತೇಕ ವಂಶದಿಂದ ಬಂದ ಬೋಳು. ಟೆಸ್ಟೊಸ್ಟೆರೋನ್‌ನಿಂದ ಹುಟ್ಟುವ ಡಿಎಚ್‌ಟಿ ಎಂಬ ಹಾರ್ಮೋನಿಗೆ ನೆತ್ತಿಯ ಕೂದಲಿನ ಬುಡ ಸೋಲುತ್ತಾ, ಪ್ರತಿ ಸರದಿಯಲ್ಲೂ ಹಿಂದಿನದಕ್ಕಿಂತ ತೆಳುವಾದ ಕೂದಲು ಹುಟ್ಟಿಸುತ್ತಾ ಹೋಗುತ್ತದೆ. ಬಿಸಿಲಿಗೆ ಈ ಹಾರ್ಮೋನಿನ ಮೇಲೆ ಹಿಡಿತವಿಲ್ಲ. ಬೀಚಿನ ನಡಿಗೆ ಬಿಡುವುದು ಬೇಡ, ಟೋಪಿ ಹಾಕಿಕೊಳ್ಳಲಿ. ಕೂದಲು ತೆಳುವಾದ ನೆತ್ತಿಗೆ ಕೊಡೆ ಇಲ್ಲದ ಹಾಗೆ. ಕಾಳಿ ನದಿ ಸಮುದ್ರ ಸೇರುವ ಕಡೆ ದೋಣಿ ಮೇಲೆ ನಲವತ್ತು ವರ್ಷ ದುಡಿದ ಹಿರಿಯರ ಬೋಳು ನೆತ್ತಿಯ ಮೇಲೆ ಬೆರಳಾಡಿಸಿದರೆ ಕೆಲವೊಮ್ಮೆ ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ತಿಳಿಯುತ್ತದೆ: ಉಪ್ಪುಕಾಗದದ ತುಣುಕು ಅಂಟಿಸಿದಂಥ ಒರಟು ಚುಕ್ಕೆ. ವರ್ಷಗಟ್ಟಲೆ ಬಿದ್ದ ಬಿಸಿಲಿನ ಗಾಯ ಅದು, ಬಿಟ್ಟರೆ ಕೆಲವು ಕ್ಯಾನ್ಸರ್‌ಗೂ ತಿರುಗುತ್ತವೆ. ನಮ್ಮ ಕಪ್ಪು ಚರ್ಮಕ್ಕೆ ಅದು ಅಪರೂಪ ಎನ್ನುತ್ತೇವೆ, ಬೋಳು ನೆತ್ತಿಗೆ ಅಷ್ಟು ಅಪರೂಪವಲ್ಲ. ಕೂದಲಿನ ಎಳೆಗೂ ಬಿಸಿಲು ಒಳ್ಳೆಯದು ಮಾಡುವುದಿಲ್ಲ. ಬಣ್ಣ ಕೆಂಚಾಗುತ್ತದೆ, ಎಳೆ ಒರಟಾಗಿ ತುದಿ ಸೀಳುತ್ತದೆ. ಸಮುದ್ರದ ಉಪ್ಪು ಸೇರಿದರೆ ಇನ್ನೂ ಬೇಗ.

ಅವನಿಗೆ ನಿಜಕ್ಕೂ ಉಪಯೋಗವಾಗುವುದು ನೆತ್ತಿಗೆ ಹಚ್ಚುವ ಮಿನಾಕ್ಸಿಡಿಲ್. ಮೊದಲು ರಕ್ತದೊತ್ತಡದ ಗುಳಿಗೆಯಾಗಿದ್ದ ಮದ್ದು ಅದು. ನುಂಗಿದವರ ಮೈಮೇಲೆಲ್ಲ ಕೂದಲು ಬಂದದ್ದನ್ನು ನೋಡಿ ನೆತ್ತಿಗೆ ಹಚ್ಚಲು ಶುರುಮಾಡಿದರು, ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲ ಕೆಲವು ವಾರ ಕೂದಲು ಇನ್ನಷ್ಟು ಉದುರಬಹುದು, ಹೆದರಿ ನಿಲ್ಲಿಸಬಾರದು. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ನಿಲ್ಲಿಸಿದರೆ ಬಂದದ್ದೂ ಹೋಗುತ್ತದೆ. ಡಿಎಚ್‌ಟಿಯನ್ನೇ ತಗ್ಗಿಸುವ ಫಿನಾಸ್ಟೆರೈಡ್ ಗುಳಿಗೆಯೂ ಇದೆ, ಅದನ್ನು ವೈದ್ಯರೊಡನೆ ಕೂತು ಮಾತಾಡಿಯೇ ಶುರುಮಾಡಲಿ. ಬಸುರಿಯಾಗುವ ಸಾಧ್ಯತೆ ಇರುವ ಹೆಂಗಸರು ಅದನ್ನು ನುಂಗಲೇಬಾರದು. ಅಣ್ಣನ ಗುಳಿಗೆ ಅಕ್ಕನಿಗೆ ಎಂಬ ಪದ್ಧತಿ ನಮ್ಮ ಮನೆಗಳಲ್ಲಿದೆ, ಅದಕ್ಕೇ ಹೇಳಿದೆ.

ಕೆಂಪು ಬೆಳಕಿನ ಟೋಪಿಗಳ ಬಗ್ಗೆ ಬಹಳ ಜನ ಕೇಳುತ್ತಾರೆ, ಎರಡು ಮಾತು. 1967ರಲ್ಲಿ ಹಂಗೇರಿಯ ಎಂಡ್ರೆ ಮೆಸ್ಟರ್ ಎಂಬ ವೈದ್ಯ ಇಲಿಗಳ ಬೆನ್ನು ಬೋಳಿಸಿ ಕೆಂಪು ಲೇಸರ್ ಹಾಯಿಸಿದಾಗ ಆ ಜಾಗದಲ್ಲಿ ಕೂದಲು ಬೇಗ ಬಂತು. ಅಲ್ಲಿಂದ ಬೆಳೆದ ಚಿಕಿತ್ಸೆ ಇದು, ವಂಶದ ಬೋಳಿನಲ್ಲಿ ಕೆಲವರಿಗೆ ಸ್ವಲ್ಪ ಸಹಾಯವಾಗುತ್ತದೆ. ಸೂರ್ಯನ ಬೆಳಕಿನಲ್ಲೂ ಕೆಂಪು ಇದೆಯಲ್ಲ ಎಂದರೆ, ಇದೆ. ಜೊತೆಗೆ ಸುಡುವ ಅಲ್ಟ್ರಾವಯಲೆಟ್ ಕೂಡ ಇದೆ.

ನಿಮ್ಮ ವಿಷಯಕ್ಕೇ ಬರುತ್ತೇನೆ. ಟೈಫಾಯಿಡ್ ಆದ ಮೇಲೆ ನಮ್ಮ ಕಡೆ ತಿಂಗಳುಗಟ್ಟಲೆ ಪಥ್ಯ ಹಿಡಿಸುತ್ತಾರೆ: ಗಂಜಿ, ಉಪ್ಪಿನಕಾಯಿ, ಮಜ್ಜಿಗೆ ನೀರು. ಜ್ವರ ಬಿಟ್ಟಿದ್ದರೂ ದೇಹ ಉಪವಾಸದಲ್ಲೇ ಇರುತ್ತದೆ. ನೀವೂ ಹಾಗೆ ಮಾಡಿದ್ದರೆ ಇಂದೇ ನಿಲ್ಲಿಸಿ. ಕೂದಲೆಂದರೆ ಕೆರಟಿನ್ ಎಂಬ ಪ್ರೊಟೀನ್. ಹುರುಳಿ, ಹೆಸರುಕಾಳು, ಕಡಲೆ, ಗಟ್ಟಿ ಮೊಸರು ಎರಡು ಹೊತ್ತಿನ ಊಟದಲ್ಲೂ ಇರಲಿ. ತಿನ್ನುವವರಾದರೆ ಮೊಟ್ಟೆ, ಬಂಗುಡೆ, ತಾರ್ಲೆ. ಈ ಮೀನುಗಳಲ್ಲಿ ವಿಟಮಿನ್ ಡಿಯೂ ಇದೆ. ಜೂನ್ ಜುಲೈಯ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ತಾಜಾ ಸಿಗುತ್ತದೆ. ಕಾಳು, ಸೊಪ್ಪಿನ ಜೊತೆ ನಿಂಬೆ ಹಿಂಡಿಕೊಳ್ಳಿ, ಊಟದ ಹಿಂದೆಯೇ ಚಹಾ ಕುಡಿಯಬೇಡಿ. ಚಹಾ ಕಬ್ಬಿಣಾಂಶವನ್ನು ಹೀರಲು ಬಿಡುವುದಿಲ್ಲ.

ರಕ್ತದಲ್ಲಿ ಹಿಮೊಗ್ಲೋಬಿನ್, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ತೋರಿಸುವ ಫೆರಿಟಿನ್, ಥೈರಾಯಿಡ್ ಟಿಎಸ್ಎಚ್ ನೋಡಿಸಿ. ತಿಂಗಳ ಸ್ರಾವ ಹೆಚ್ಚಿರುವ ಹೆಂಗಸರಲ್ಲಿ ಕಬ್ಬಿಣದ ಉಗ್ರಾಣ ಬರಿದಾಗಿರುವುದು ವಿಟಮಿನ್ ಡಿಗಿಂತ ದೊಡ್ಡ ಕಾರಣ ಎಂಬುದು ನನ್ನ ಅನುಭವ. ಹಿಮೊಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ ತಳ ಕಂಡಿರಬಹುದು, ಅದಕ್ಕೇ ಎರಡನ್ನೂ ಕೇಳುವುದು. ಜ್ವರ ಇರುವಾಗ ಫೆರಿಟಿನ್ ಸುಳ್ಳೇ ಏರಿ ತೋರಿಸುತ್ತದೆ, ನಿಮಗೆ ಈಗ ಆ ತೊಂದರೆ ಇಲ್ಲ. ಕೂದಲಿಗೆಂದು ಬಯೋಟಿನ್ ಗುಳಿಗೆ ತಿನ್ನುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ, ಥೈರಾಯಿಡ್ ಫಲಿತಾಂಶವನ್ನು ಅದು ಏರುಪೇರು ಮಾಡುತ್ತದೆ.

ತಲೆಯನ್ನು ವಾರಕ್ಕೆ ಎರಡು ಮೂರು ಸಲ ಧೈರ್ಯವಾಗಿ ತೊಳೆಯಿರಿ. ಬೀಳಬೇಕಾದ ಕೂದಲು ಹೇಗೂ ಬೀಳುತ್ತದೆ, ತೊಳೆಯದೆ ಇಟ್ಟರೆ ಎರಡು ದಿನ ತಡವಾಗಿ ಬೀಳುತ್ತದೆ ಅಷ್ಟೆ. ಉದುರುವುದು ಶುರುವಾಗಿ ಆರು ತಿಂಗಳಾದರೂ ನಿಲ್ಲದಿದ್ದರೆ, ಬೈತಲೆ ಅಗಲವಾಗುತ್ತಾ ಹೋದರೆ, ಹುಬ್ಬೂ ಉದುರಿದರೆ, ನಾಣ್ಯದಂಥ ಮಚ್ಚೆ ಕಂಡರೆ ಚರ್ಮರೋಗ ವೈದ್ಯರಲ್ಲಿಗೆ ಹೋಗಿ. ಏಪ್ರಿಲ್‌ನ ಚೀಟಿಗಳನ್ನೂ ಜೊತೆಗಿಟ್ಟುಕೊಳ್ಳಿ. ಯಾವ ಮದ್ದು ಎಷ್ಟು ದಿನ ತೆಗೆದುಕೊಂಡಿರಿ, ತೂಕ ಎಷ್ಟು ಇಳಿದಿತ್ತು ಎಂಬುದು ನಮಗೆ ಬೇಕಾಗುತ್ತದೆ.

ಅಕ್ಟೋಬರ್ ಕೊನೆಗೆ, ಮಳೆ ಹಿಂದಾದ ಮೇಲೆ, ಕನ್ನಡಿಯ ಮುಂದೆ ಬೆಳಕಿಗೆ ಓರೆಯಾಗಿ ನಿಂತು ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಎಳೆದು ನೋಡಿ. ಹಣೆಯ ಅಂಚಿನಲ್ಲಿ, ಬೈತಲೆಯ ಇಬ್ಬದಿಯಲ್ಲಿ, ಎರಡು ಮೂರು ಸೆಂಟಿಮೀಟರಿನ ಮೊಂಡು ಕೂದಲು ಎದ್ದು ನಿಂತಿರಬೇಕು. ಎಣ್ಣೆ ಹಚ್ಚಿದರೂ ಕೂರುವುದಿಲ್ಲ, ಮುಖದ ಸುತ್ತ ಹುರಿಹುರಿಯಾಗಿ ಏಳುತ್ತದೆ. ಕಂಡರೆ ಒಂದು ಸಾಲು ಬರೆದು ತಿಳಿಸಿ.